ನಾನು ಒರೆಸಿ ತೆಗೆದ ಮಸಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಗುಂಡ್ಲುಪೇಟೆಯಲ್ಲಿ ಆಷಾಢವೆಲ್ಲ ಜಡಿಮಳೆ ಹಿಡಿದಿತ್ತು ಎಂದು ನನ್ನ ನೆನಪು. ಡೈರಿ ತೆಗೆದರೆ ಮಳೆಯ ಮಾತು ಮೂರೇ ಕಡೆ ಇದೆ. ಉಳಿದ ಪುಟಗಳಲ್ಲಿ ‘ಗಾಳಿ’ ಎಂದಷ್ಟೇ ಬರೆದಿದ್ದೇನೆ. ಮಳೆಯನ್ನು ನಾನೇ ಆಮೇಲೆ ತಂದು ಸುರಿದುಕೊಂಡಿರಬೇಕು. ಅಂಥ ದಿನಗಳಿಗೆ ಮಳೆ ಇದ್ದರೆ ಒಪ್ಪುತ್ತದೆ ಎಂದು ಮನಸ್ಸಿಗೆ ಅನ್ನಿಸಿರಬೇಕು. ಅತ್ತೆಯ ಎಡಗೈಯ ವಿಚಾರವೂ ಹಾಗೆಯೇ. ಅದನ್ನು ಆಗಲೇ ಗಮನಿಸಿದ್ದೆನೋ, ಗೊತ್ತಾದ ಮೇಲೆ ಹಳೆಯ ನೆನಪುಗಳಿಗೆಲ್ಲ ಬಳಿದುಕೊಂಡೆನೋ, ಇವತ್ತಿಗೂ ನನಗೆ ತೀರ್ಮಾನಕ್ಕೆ ಬರಲಾಗಿಲ್ಲ.

ಕಳೆದ ವಾರ ಹರವೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇಬ್ಬರು ಹೊಸ ಫ್ಲೆಕ್ಸ್ ಕಟ್ಟುತ್ತಿದ್ದರು. ಯಾರೋ ಹಿರಿಯರು ತೀರಿಕೊಂಡಿದ್ದರು. ಬಿಸಿಲಿಗೆ ಕಾದ ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ, ಸೀಮೆಎಣ್ಣೆಗೂ ಪ್ಲಾಸ್ಟಿಕ್ಕಿಗೂ ನಡುವಿನದು, ಗಂಟಲಿಗೆ ಹತ್ತುವಂಥದು. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಸಾಲನ್ನು ನಾನು ಓದಲಿಲ್ಲ, ಸುಮ್ಮನೆ ನೋಡಿದೆ. ಅದರ ಒಂದೊಂದು ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ತಿದ್ದಿದವಳು ನಾನು. ಆ ಅಕ್ಷರಗಳಿಗೆ ‘ನಂಜುಂಡ’ ಎಂದು ಹೆಸರು. ನನ್ನ ಸೋದರಮಾವನ ಹೆಸರು. ಆ ಹೆಸರು ಅಲ್ಲಿ ಉಳಿಯಬೇಕೋ ಬೇಡವೋ ಎಂಬುದೇ ಈ ಒಂದು ವರ್ಷದಿಂದ ನನ್ನನ್ನು ಕೊರೆಯುತ್ತಿರುವ ಸಂಗತಿ.

ಆರು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ವಿನ್ಯಾಸದ ಕೊನೆಯ ವರ್ಷ ಓದುತ್ತಿದ್ದೆ. ಪರೀಕ್ಷೆಯ ಬದಲು ಒಂದು ಕನ್ನಡ ಫಾಂಟ್ ಮಾಡಿ ಒಪ್ಪಿಸಬೇಕಿತ್ತು. ನನಗೆ ಹುಚ್ಚು ಹಿಡಿಸಿದ್ದು ಒಂದು ಬಗೆಯ ಅಕ್ಷರ. ಅದರ ತುದಿಗಳಲ್ಲಿ ಬಾಲ, ಕೊಂಡಿ, ಯಾವ ಅಲಂಕಾರವೂ ಇರುವುದಿಲ್ಲ. ಹಾಗೆಂದು ಪೈಪು ಬಗ್ಗಿಸಿದಂತೆ ಎಲ್ಲ ಕಡೆ ಒಂದೇ ದಪ್ಪವೂ ಇರುವುದಿಲ್ಲ. ಬರೆದ ಕೈ ಎಲ್ಲಿ ಒತ್ತಿತು, ಎಲ್ಲಿ ಸಡಿಲಾಯಿತು ಎನ್ನುವುದು ಗೆರೆಯಲ್ಲಿ ಉಳಿದಿರುತ್ತದೆ. ಇಂಗ್ಲಿಷಿನ ಅಕ್ಷರಗಳಲ್ಲಿ ಇಂಥವಕ್ಕೆ ಹ್ಯೂಮನಿಸ್ಟ್ ಎನ್ನುತ್ತಾರೆ. ನಾನು ಡೈರಿಯಲ್ಲಿ ‘ಕೈ ಇರುವ ಅಕ್ಷರ’ ಎಂದು ಬರೆದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಸಿಗುತ್ತಿದ್ದ ಕನ್ನಡದಲ್ಲಿ ನನಗೆ ಬೇಕಾದ ಕೈ ಕಾಣಲಿಲ್ಲ. ಗುಂಡ್ಲುಪೇಟೆಯ ಬೋರ್ಡುಗಳಲ್ಲಿ ಕಂಡಿತು.

ಮಾವ ಅಲ್ಲಿ ಬೋರ್ಡು ಬರೆಯುವವನು. ಊಟಿ ರಸ್ತೆಯ ಹೋಟೆಲು, ಗೊಬ್ಬರದ ಅಂಗಡಿ, ಗೋಪಾಲಸ್ವಾಮಿ ಬೆಟ್ಟದ ದಾರಿ ತೋರಿಸುವ ಬಾಣ, ಪುಣಜನೂರಿನ ಕಡೆ ‘ಆನೆ ದಾಟುವ ಜಾಗ, ನಿಧಾನ’. ಎಲ್ಲದರ ಕೆಳಮೂಲೆಯಲ್ಲಿ ಚಿಕ್ಕದಾಗಿ ‘ನಂಜುಂಡ ಆರ್ಟ್ಸ್’. ಮಂಜು ಮುಸುಕಿದಾಗಲೂ ಆ ಅಕ್ಷರಗಳನ್ನು ದೂರದಿಂದ ಓದಬಹುದಿತ್ತು. ಅವುಗಳ ಹೊಟ್ಟೆ ಅಗಲ, ತಲೆಕಟ್ಟು ಗಿಡ್ಡ, ಎಲ್ಲೂ ಬಿಗಿದುಕೊಂಡಿರಲಿಲ್ಲ. ಸಂತೆಗೆ ಬಂದವರು ಜಗಲಿಯ ಮೇಲೆ ಕಾಲು ಚಾಚಿ ಕೂತ ಹಾಗೆ ಕೂತಿರುತ್ತಿದ್ದವು.

ಜೂನ್ ತಿಂಗಳಲ್ಲಿ ಬಟ್ಟೆ, ಕ್ಯಾಮರಾ, ಲ್ಯಾಪ್‌ಟಾಪ್ ತೆಗೆದುಕೊಂಡು ಮಾವನ ಮನೆಗೆ ಬಂದಿಳಿದೆ. ಅವರಿಗೆ ಮಕ್ಕಳಿಲ್ಲ. ಮುಂದೆ ಒಂದು ಹಜಾರ, ಹಿಂದೆ ಒಂದು ಕೋಣೆ, ಪಕ್ಕಕ್ಕೆ ಅಡುಗೆಮನೆ. ಅತ್ತೆಯ ಹೆಸರು ಗೌರಮ್ಮ. ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯವರ ಬ್ಲೌಸ್ ಹೊಲಿಯುತ್ತಿದ್ದಳು. ಏಳನೇ ಕ್ಲಾಸು ಮುಗಿಸಿದ್ದಳು. ಮಾವ ಮೂರಕ್ಕೇ ಬಿಟ್ಟವನು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಗೊತ್ತಿದ್ದೂ ಅದರಿಂದ ಏನನ್ನೂ ತಿಳಿದುಕೊಳ್ಳಲಿಲ್ಲ.

ಅವರ ಕೆಲಸದ ಕ್ರಮ ಹೀಗಿತ್ತು. ಸಿಮೆಂಟ್ ಚೀಲದ ಕಂದು ಕಾಗದವನ್ನು ಬಿಚ್ಚಿ, ಒದರಿ, ಅದರ ಮೇಲೆ ಚಾಕ್‌ಪೀಸನ್ನು ಅಡ್ಡ ಹಿಡಿದು ದಪ್ಪಕ್ಷರ ಬರೆಯುವುದು. ಆಮೇಲೆ ಅತ್ತೆ ಆ ಕಾಗದವನ್ನು ಮಿಷನ್ನಿಗೆ ಕೊಟ್ಟು, ಸೂಜಿಗೆ ದಾರ ಹಾಕದೆ, ಅಕ್ಷರದ ಅಂಚಿನ ಉದ್ದಕ್ಕೂ ಹೊಲಿಯುವಳು. ಅಂಚಿನ ತುಂಬ ಸಣ್ಣ ತೂತು ಬೀಳುತ್ತಿತ್ತು. ಮಾವ ಅದನ್ನು ಸುರುಳಿ ಸುತ್ತಿಕೊಂಡು ಹೋಗಿ, ಗೋಡೆಗೋ ತಗಡಿಗೋ ಅಂಟಿಸಿ, ಸುಣ್ಣದ ಪುಡಿಯ ಗಂಟಿನಿಂದ ತಟ್ಟುವನು. ಕಾಗದ ತೆಗೆದರೆ ಚುಕ್ಕೆಗಳಲ್ಲಿ ಅಕ್ಷರ ನಿಂತಿರುತ್ತಿತ್ತು. ಅದರೊಳಗೆ ಬಣ್ಣ ತುಂಬುವಾಗ ಮಾವನ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಏಣಿಯ ಮೇಲೆ, ಲಾರಿಗಳು ಹಾದುಹೋಗುವ ಗಾಳಿಯಲ್ಲಿ, ಉಸಿರು ಹಿಡಿದು ಒಂದು ಸುತ್ತನ್ನು ಒಂದೇ ಎಳೆಗೆ ಮುಗಿಸುತ್ತಿದ್ದ. ಅದನ್ನು ನೋಡಿದವರು ಯಾರಾದರೂ ಆ ಅಕ್ಷರ ಅವನದೇ ಅನ್ನುತ್ತಿದ್ದರು.

ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದವರು ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಪ್ರಶ್ನೆ ಎಂದೇ ಹೊಳೆಯಲಿಲ್ಲ. ಬೋರ್ಡಿನ ಮೂಲೆಯಲ್ಲಿ ಹೆಸರಿತ್ತಲ್ಲ.

ಮೊಪೆಡ್ಡಿನ ಹಿಂದೆ ಕೂತು ಅವನ ಹಳೆಯ ಬೋರ್ಡುಗಳ ಫೋಟೋ ತೆಗೆಯುತ್ತಾ ಹೋದೆ. ರಸ್ತೆಯ ಎರಡೂ ಕಡೆ ಚೆಂಡುಹೂವು ಬಿಡಲು ಶುರುವಾಗಿತ್ತು. ಕೇರಳದಿಂದ ಬಂದ ಜನ ಕಾರು ನಿಲ್ಲಿಸಿಕೊಂಡು ಹೂವಿನ ನಡುವೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ನಾನೊಬ್ಬಳು ಹೂವಿಗೆ ಬೆನ್ನು ಹಾಕಿ ತುಕ್ಕು ಹಿಡಿದ ತಗಡಿನ ಚಿತ್ರ ತೆಗೆಯುತ್ತಿದ್ದೆ. ಬೆಟ್ಟದ ದಾರಿಯ ಟೀ ಅಂಗಡಿಯವನಿಗೆ ಅದು ತಮಾಷೆ.

“ಏನ್ಲಾ ನಂಜ, ಸೊಸನ ಕೆಲ್ಸಕ್ಕ ಕರ್ಕಂಬಂದಿದ್ದಯ?”

“ಕೆಲ್ಸಕ್ಕಲ್ಲ ಕಣ್ಲಾ, ನನ್ನ ಅಕ್ಸರ ಓದಕ್ಕ ಬಂದವಳ. ಮೈಸೂರಲ್ಲಿ ಇದ್ಕ ಡಿಗ್ರಿ ಕೊಟ್ಟರಂತ.”

“ನಿನ್ನ ಅಕ್ಸರ ಓದಿದ್ರ ಡಿಗ್ರಿಯಾ? ಅಂಗಾರ ನಿಂಗ ಡಾಕ್ಟ್ರೇಟೇ ಕೊಡ್ಬೇಕು!”

“ನಂಗ್ಯಾಕ್ಲಾ? ಬರ್ದೋರ್ಗ ಕೊಡ್ಲಿ ಬುಡು,” ಎಂದು ಮಾವ ಟೀ ಲೋಟ ಬಗ್ಗಿಸಿದ.

ಈ ಮಾತು ಡೈರಿಯಲ್ಲಿದೆ, ನಾನು ಕಟ್ಟಿದ್ದಲ್ಲ. ಅದರ ಕೆಳಗೆ ‘ಮಾವನಿಗೆ ಎಂಥ ವಿನಯ’ ಎಂದು ಬರೆದಿದ್ದೇನೆ. ಆ ಸಾಲನ್ನು ಓದಲು ಈಗ ನಾಚಿಕೆಯಾಗುತ್ತದೆ.

ಬಣ್ಣ ತುಂಬಿದ ಅಕ್ಷರ ಸಾಲದು, ಅದರ ಹಿಂದಿನ ಬರೆಯುವ ಕೈ ನನಗೆ ಬೇಕಿತ್ತು. “ಮಾವ, ಒಂದ್ಸಲ ನನ್ನ ಮುಂದೆ ಬರಿ,” ಎಂದು ದಿನಾ ಪೀಡಿಸುತ್ತಿದ್ದೆ.

“ಇವತ್ತು ಗಾಳಿ ಅದ ಕಣಮ್ಮಿ.”

“ಮನೆಯೊಳಗೆ ಗಾಳಿ ಎಲ್ಲಿಂದ ಬಂತು?”

“ಯಾರಾರ ನೋಡ್ತಿದ್ರ ನಂಗ ಕೈ ಓಡಲ್ಲ ಬುಡು, ಮೊಗ. ಪುಸ್ತಕ ಕೊಡು, ಬರ್ದು ಇಕ್ತೀನಿ.”

ಚಪ್ಪಟೆ ತುದಿಯ ಪೆನ್ನು, ಒಂದು ದೊಡ್ಡ ನೋಟ್‌ಬುಕ್ಕು ಕೊಟ್ಟೆ. ಎಲ್ಲ ಸ್ವರ, ಎಲ್ಲ ವ್ಯಂಜನ, ಒತ್ತುಗಳು, ಕಾಗುಣಿತ, ಅಂಕಿಗಳು ಬೇಕು ಎಂದು ಪಟ್ಟಿ ಬರೆದುಕೊಟ್ಟು, ಎರಡು ದಿನಕ್ಕೆ ಹರವೆಗೆ, ಅಮ್ಮನ ಮನೆಗೆ ಹೋದೆ. ಮರಳಿ ಬಂದಾಗ ನೋಟ್‌ಬುಕ್ಕು ತುಂಬಿತ್ತು. ಒಂದೊಂದೇ ಪುಟ ತಿರುವಿದೆ. ಅಷ್ಟು ಚೆಂದದ ‘ಳ’ವನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದೇ ಕೊರತೆ ಎಂದರೆ ಸಾಲಿನ ಉದ್ದಕ್ಕೂ ಮಸಿ ತೇಯ್ದು ಬಲಗಡೆಗೆ ಹರಡಿತ್ತು. ಪ್ರತಿ ಅಕ್ಷರಕ್ಕೂ ಒಂದು ತೆಳು ನೆರಳು ಅಂಟಿಕೊಂಡಂತೆ.

“ಮಸಿ ಯಾಕೆ ಇಷ್ಟು ಒರೆಸಿಹೋಗಿದೆ ಮಾವ?” ಎಂದೆ.

ಮಾವ ಅಡುಗೆಮನೆಯ ಕಡೆ ನೋಡಿದ. ಅಡುಗೆಮನೆಯಿಂದ ಅತ್ತೆ ಅಂದಳು: “ಬೆವ್ರು ಕಣವ್ವ. ಡಿಗ್ರಿ ಪುಸ್ತಕ ಅಂತ ಎದ್ರಿ ಬೆವುರ್ಕಂಡು ಬರ್ದದ್ದು.” ಹೇಳಿ ತಾನೇ ನಕ್ಕಳು. ಆಗ ಅವಳ ಎಡ ಅಂಗೈಯ ಹೊರಅಂಚಿನಲ್ಲಿ, ಕಿರುಬೆರಳಿನಿಂದ ಮಣಿಕಟ್ಟಿನ ತನಕ, ಕಪ್ಪು ಮಸಿ ಇತ್ತು. ಹೀಗೆ ಈಗ ನನ್ನ ಕಣ್ಣಿಗೆ ಕಟ್ಟುತ್ತದೆ. ಡೈರಿಯಲ್ಲಿ ಮಸಿಯ ಮಾತಿಲ್ಲ. ಅವತ್ತು ಹುರುಳಿಕಾಳಿನ ಸಾರು ಮಾಡಿದ್ದಳು ಎಂದು ಮಾತ್ರ ಇದೆ.

ಜುಲೈ ಪೂರ್ತಿ ಹಜಾರದಲ್ಲಿ ಕೂತು ಆ ಪುಟಗಳನ್ನು ಸ್ಕ್ಯಾನ್ ಮಾಡಿಸಿ ತಂದು, ತೆರೆಯ ಮೇಲೆ ದೊಡ್ಡದು ಮಾಡಿ, ಮಸಿಯ ನೆರಳನ್ನು ಒಂದೊಂದಾಗಿ ಒರೆಸಿದೆ. ಆಮೇಲೆ ಇನ್ನೊಂದು ತೊಡಕು ಕಾಣಿಸಿತು. ಚಪ್ಪಟೆ ಪೆನ್ನಿನಲ್ಲಿ ಬರೆದರೆ ಓರೆ ಗೆರೆಗಳಲ್ಲಿ ಒಂದು ದಿಕ್ಕಿನದು ದಪ್ಪ, ಇನ್ನೊಂದು ದಿಕ್ಕಿನದು ತೆಳು ಬೀಳುತ್ತದೆ. ಯಾವುದು ದಪ್ಪ ಎನ್ನುವುದು ಪೆನ್ನು ಹಿಡಿದ ಕೋನಕ್ಕೆ ಸೇರಿದ್ದು. ಈ ನೋಟ್‌ಬುಕ್ಕಿನಲ್ಲಿ ಅದು ತಿರುಗುಮುರುಗಾಗಿತ್ತು. ನಾನು ಅದೇ ಪೆನ್ನಿನಲ್ಲಿ ಬರೆದು ನೋಡಿದರೆ ದಪ್ಪ ಬರುವ ಕಡೆ ಇಲ್ಲಿ ತೆಳು. ತೆಳು ಬರುವ ಕಡೆ ದಪ್ಪ. ಹಳೆಯ ಬೋರ್ಡುಗಳ ಫೋಟೋ ತೆಗೆದು ನೋಡಿದೆ. ಅಲ್ಲೂ ಹಾಗೇ. ಇಪ್ಪತ್ತು ವರ್ಷದ ಹಿಂದಿನ ಗೊಬ್ಬರದ ಅಂಗಡಿಯಲ್ಲೂ ಹಾಗೇ.

ಮೈಸೂರಿನ ನನ್ನ ಮೇಷ್ಟರಿಗೆ ಫೋನು ಮಾಡಿದೆ. ‘ಅದು ಬೋರ್ಡಿನವರ ಅಭ್ಯಾಸದ ದೋಷ, ತಿದ್ದಿಕೊಳ್ಳಿ’ ಎಂದು ಅವರು ಹೇಳಿದರೆಂದು ಬಹಳ ದಿನ ನಂಬಿದ್ದೆ. ಹಾಗೆ ಹೇಳಿದ ಗುರುತು ಎಲ್ಲೂ ಇಲ್ಲ. ‘ನೀವೇನು ಅಂದುಕೊಂಡಿದ್ದೀರಿ?’ ಎಂದು ಅವರೇ ಕೇಳಿದ್ದಿರಬಹುದು. ದೋಷ ಎಂಬ ಪದ ನನ್ನದೇ ಇರಬಹುದು. ಅಂತೂ ತಿದ್ದಿದೆ. ಪ್ರತಿ ಅಕ್ಷರದ ದಪ್ಪವನ್ನೂ ಎತ್ತಿ ಆ ಕಡೆಯಿಂದ ಈ ಕಡೆಗೆ ಇಟ್ಟೆ. ಮೂರು ವಾರದ ಕೆಲಸ. ಕೈ ಇರುವ ಅಕ್ಷರ ಬೇಕೆಂದು ಹುಡುಕಿಕೊಂಡು ಹೋದವಳು, ಸಿಕ್ಕಿದ ಕೈಯನ್ನು ಕತ್ತರಿಸಿ ಬೇರೆ ಕೈ ಜೋಡಿಸಿದೆ.

ಆ ಕೆಲಸ ಮುಗಿಯುವ ಹೊತ್ತಿಗೆ, ಶ್ರಾವಣ ಹುಟ್ಟಿದ ಮೇಲೆ, ಒಂದು ಬೆಳಿಗ್ಗೆ ಮಾವ ತೆರಕಣಾಂಬಿಯ ಕಡೆ ಬಣ್ಣ ಬಳಿಯಲು ಹೋಗಿದ್ದ. ಹಿಂದಿನ ಕೋಣೆಯಲ್ಲಿ ಮಿಷನ್ ಓಡುತ್ತಿತ್ತು. ದಾರ ಇಲ್ಲದ ಮಿಷನ್ನಿನ ಸದ್ದು ಬೇರೆ. ಕಾಗದ ಚುಚ್ಚುವಾಗ ಹುರಿಗಡಲೆ ಅಗಿದ ಹಾಗೆ ಕೇಳುತ್ತದೆ. ಸದ್ದು ನಿಂತಿತು. ಏನೋ ಬಿದ್ದ ಹಾಗಾಯಿತು. ಕತ್ತರಿ ಬಿದ್ದಿರಬೇಕು ಎಂದುಕೊಂಡು ನಾನು ಎದ್ದುಹೋಗಲಿಲ್ಲ. ಎಷ್ಟು ಹೊತ್ತು ಹೋಗಲಿಲ್ಲ ಎನ್ನುವುದನ್ನು ನಾನು ಬೇಕೆಂದೇ ಲೆಕ್ಕ ಹಾಕಿಲ್ಲ. ಹೋಗಿ ನೋಡಿದರೆ ಅತ್ತೆ ಮಿಷನ್ನಿಗೆ ಒರಗಿ ಕೂತಿದ್ದಳು. ಬಾಯಿ ಒಂದು ಕಡೆ ಜಗ್ಗಿತ್ತು. ಎಡಗೈ ತೊಡೆಯ ಮೇಲಿಂದ ಜಾರಿ ನೇತಾಡುತ್ತಿತ್ತು. ಕಂದು ಕಾಗದ ಸೂಜಿಯಡಿ ಅರ್ಧಕ್ಕೆ ನಿಂತಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ದೆವು. ಮಾವ ಬಣ್ಣದ ಅಂಗಿಯಲ್ಲೇ ಓಡಿಬಂದ. ಎಡಭಾಗ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಡಾಕ್ಟರು ಕಾಲಿನ ಕಡೆ, ಕೈಯ ಕಡೆ, ಮತ್ತೆ ಬಾಯಿಯ ಕಡೆ ನೋಡಿ, ಮಾವನನ್ನು ಕೇಳಿದರು: “ಇವರು ಎಡಗೈಯಲ್ಲಿ ಕೆಲಸ ಮಾಡೋರಾ?”

ಮಾವ ತಡಮಾಡಲಿಲ್ಲ. “ಇಲ್ಲ ಸಾರ್. ಬಲಗೈಯೇ.”

ಡಾಕ್ಟರು ಸುಮ್ಮನೆ ತಲೆಯಾಡಿಸಿ ಬರೆದುಕೊಂಡರು. ಆ ಉತ್ತರದಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗಲಿಲ್ಲ. ಆ ಪ್ರಶ್ನೆ ಯಾಕೆ ಬಂತು ಎಂದು ಬಹಳ ವರ್ಷದ ಮೇಲೆ ಓದಿ ತಿಳಿದೆ. ಸಾಮಾನ್ಯವಾಗಿ ಬಲಭಾಗ ಬಿದ್ದವರಿಗೆ ಮಾತು ಹೋಗುತ್ತದೆ. ಎಡಭಾಗ ಬಿದ್ದು ಮಾತೂ ಹೋದರೆ ಎಡಗೈಯವರೇನೋ ಎಂದು ಡಾಕ್ಟರಿಗೆ ಅನುಮಾನ ಬರುತ್ತದೆ. ಮಾವ ಸುಳ್ಳು ಹೇಳಿದ್ದ. ಹೆಂಡತಿ ಮಂಚದ ಮೇಲೆ ಬಿದ್ದಿರುವಾಗಲೂ, ಗಿರಾಕಿಗಳು ಯಾರೂ ಇಲ್ಲದ ಜಾಗದಲ್ಲೂ, ರೂಢಿಯಿಂದ ಬಂದ ಹಾಗೆ ಬಂದಿತ್ತು ಆ ಸುಳ್ಳು.

ಹದಿನೈದು ದಿನಕ್ಕೆ ಅತ್ತೆ ಮನೆಗೆ ಬಂದಳು. ನಾನು ಇನ್ನೂ ಅಲ್ಲೇ ಇದ್ದೆ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ನನ್ನ ಪಾಲು. ಒಂದು ಮಧ್ಯಾಹ್ನ ಫಾಂಟಿನ ಮೊದಲ ಮುದ್ರಣದ ಹಾಳೆ ತಂದು ಅವಳ ಮುಂದೆ ಹಿಡಿದೆ. “ನೋಡತ್ತೆ, ಮಾವನ ಅಕ್ಷರ ಕಂಪ್ಯೂಟರಿಗೆ ಬಂತು.”

ಅವಳು ಬಹಳ ಹೊತ್ತು ನೋಡಿದಳು. ಬಲಗೈ ಎತ್ತಿ ‘ಳ’ದ ಮೇಲೆ ಬೆರಳಿಟ್ಟಳು. ಬೆರಳನ್ನು ಗೆರೆಯ ಮೇಲೆ ಎಳೆದು, ನಿಲ್ಲಿಸಿ, ಅಲ್ಲೇ ಒತ್ತಿದಳು. ಮತ್ತೆ ಎಳೆದು ಮತ್ತೆ ಒತ್ತಿದಳು. ಗಂಟಲಿನಿಂದ ಒಂದು ಸದ್ದು ಬಂತು. ಆಮೇಲೆ ಹಾಳೆಯನ್ನು ತಳ್ಳಿದಳು. ಅದು ಗಂಜಿ ಲೋಟಕ್ಕೆ ತಾಗಿ ಒದ್ದೆಯಾಯಿತು. ‘ಅತ್ತೆಗೆ ಇವತ್ತು ಹಸಿವಿಲ್ಲ, ಸಿಡಿಮಿಡಿ’ ಎಂದಿದೆ ಡೈರಿ. ಅವಳು ಒತ್ತಿ ತೋರಿಸುತ್ತಿದ್ದುದು ನಾನು ತೆಳುಮಾಡಿದ ಜಾಗವನ್ನೇ ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದಕ್ಕೆ ಯಾವ ಸಾಕ್ಷಿಯೂ ಇಲ್ಲ.

ಆ ತಿಂಗಳಿಂದ ಮಾವ ಬೋರ್ಡು ಬರೆಯುವುದನ್ನು ಬಿಟ್ಟ. ಮನೆಗಳಿಗೆ ಸುಣ್ಣಬಣ್ಣ ಬಳಿಯಲು ಹೋಗತೊಡಗಿದ. ಫ್ಲೆಕ್ಸ್ ಬಂದು ನಂಜಣ್ಣನ ಅನ್ನ ಕಿತ್ತುಕೊಂಡಿತು ಎಂದು ಊರವರು ಮರುಗಿದರು. ನಾನೂ ವರದಿಯಲ್ಲಿ ಅದನ್ನೇ ಬರೆದೆ, ನಾಲ್ಕು ಪುಟ. ಆ ಭಾಗವನ್ನು ಪರೀಕ್ಷಕರು ಮೆಚ್ಚಿದರು. ಫ್ಲೆಕ್ಸ್ ಅಂಗಡಿಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಬಂದಿದ್ದವು, ಆಗಲೂ ಮಾವನಿಗೆ ಕೆಲಸ ಇತ್ತು ಎನ್ನುವುದು ಅವರಿಗಂತೂ ಗೊತ್ತಿರಲಿಲ್ಲ; ಗೊತ್ತಿದ್ದ ನಾನು ಯೋಚಿಸಲಿಲ್ಲ. ಒಬ್ಬರು ಕೇಳಿದರು: “ಇದರಲ್ಲಿ ನಿಮ್ಮ ಸ್ವಂತದ್ದು ಯಾವುದು?” ನಾನು ಸಿದ್ಧವಾಗಿಟ್ಟುಕೊಂಡಿದ್ದ ಉತ್ತರ ಕೊಟ್ಟೆ: “ಕೈ ನನ್ನ ಮಾವನದು, ಶಿಸ್ತು ನನ್ನದು.” ಎರಡರಲ್ಲಿ ಒಂದೂ ನಿಜವಾಗಿರಲಿಲ್ಲ.

ಫಾಂಟನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟೆ. ಶಾಲೆಯ ಪುಸ್ತಕಕ್ಕೆ, ಆಸ್ಪತ್ರೆಯ ಚೀಟಿಗೆ, ದಾರಿಯ ಫಲಕಕ್ಕೆ ಬರಲಿ ಎಂಬ ಆಸೆ ಇತ್ತು. ಫ್ಲೆಕ್ಸ್ ಅಂಗಡಿಯವರು ಮೊದಲು ಹಿಡಿದುಕೊಂಡರು. ದೂರಕ್ಕೆ ಕಾಣುತ್ತದೆ, ಅತಿಯಾಗಿ ಕುಣಿಯುವುದಿಲ್ಲ. ಸಾವಿಗೆ ಹೇಳಿ ಮಾಡಿಸಿದ್ದು ಎಂದು ಒಬ್ಬ ನನ್ನ ಮುಂದೆಯೇ ಹೊಗಳಿದ. ಮದುವೆಗೆ ಹೂಬಳ್ಳಿಯ ಅಕ್ಷರ, ರಾಜಕೀಯದವರಿಗೆ ದಪ್ಪ ಕೆಂಪು, ಸತ್ತವರಿಗೆ ನಂಜುಂಡ. ಎರಡು ವರ್ಷದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಯ ತನಕ ಯಾವ ಊರಿನ ಬಾಗಿಲಲ್ಲಿ ಸಾವಿನ ಫ್ಲೆಕ್ಸ್ ಕಂಡರೂ ಅದೇ. ಟೀ ಅಂಗಡಿಯವನು ಬಿಡಲಿಲ್ಲ.

“ಏನ್ಲಾ ನಂಜ, ಸತ್ತೋರ್ಗೆಲ್ಲ ನೀನೇ ಎಸ್ರು ಬರ್ಕೊಡ್ತಿದ್ದಯಂತ? ಯಮನ ತಾವು ಗುಮಾಸ್ತೆ ಕೆಲ್ಸ ಸಿಕ್ತಾ?”

ಮಾವ ಮೊದಲಾದರೆ ತಿರುಗಿಸಿ ಒಂದು ಕೊಡುತ್ತಿದ್ದ. ಈಗ ಟೀ ಅರ್ಧಕ್ಕೆ ಬಿಟ್ಟು ಎದ್ದ.

ಕಳೆದ ಆಷಾಢದಲ್ಲಿ ಅತ್ತೆ ಸತ್ತಳು. ಐದು ವರ್ಷ ಮಂಚ ಹಿಡಿದಿದ್ದವಳು. ನಾನು ಹೋಗಿ ಇಳಿಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಮತದಾರರ ಚೀಟಿಯ ಫೋಟೋ ದೊಡ್ಡದು ಮಾಡಿಸಿದ್ದರು, ಮುಖ ಮಸುಕು. ಕೆಳಗೆ ಅಚ್ಚುಕಟ್ಟಾಗಿ ‘ಶ್ರೀಮತಿ ಗೌರಮ್ಮ’. ದಪ್ಪ ಇರಬೇಕಾದ ಕಡೆ ದಪ್ಪ, ತೆಳು ಇರಬೇಕಾದ ಕಡೆ ತೆಳು. ಎಲ್ಲ ನಾನು ತಿದ್ದಿದ ಹಾಗೆಯೇ.

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗದಲ್ಲಿ ಬಾಳೆಎಲೆ ಹಾಸಿ, ಸತ್ತವರಿಗೆ ಇಷ್ಟವಾಗಿದ್ದುದನ್ನು ಎಡೆ ಇಡುತ್ತಾರೆ. ಕಡುಬು, ಹುರುಳಿಕಾಳಿನ ಸಾರು, ಎಲೆಅಡಿಕೆ ಒಬ್ಬೊಬ್ಬರೂ ಇಟ್ಟರು. ಕೊನೆಗೆ ಮಾವ ಬಂದ. ಪಂಚೆಯ ಮಡಿಲಿನಿಂದ ಒಂದು ಚಾಕ್‌ಪೀಸ್ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಎಲೆಯ ತುದಿಯಲ್ಲಿ ಇಟ್ಟ. ಜನ ಒಬ್ಬರ ಮುಖ ಒಬ್ಬರು ನೋಡಿದರು.

“ಇದೇನಣ್ಣ? ಅತ್ತಿಗಮ್ಮ ಇಸ್ಕೂಲ್ ಟೀಚ್ರಾಗಿದ್ರಾ?” ಎಂದು ಯಾರೋ ಮೆಲ್ಲಗೆ ಅಂದರು. ಒಬ್ಬಿಬ್ಬರು ನಗು ನುಂಗಿಕೊಂಡರು. ಮಾವ ತಲೆ ಎತ್ತಲಿಲ್ಲ. ಅತ್ತೆಯ ಅಕ್ಕ, ಹಲ್ಲಿಲ್ಲದ ಮುದುಕಿ, ನನ್ನ ಪಕ್ಕದಲ್ಲೇ ಕೂತಿದ್ದವಳು, ಸೆರಗಿನಲ್ಲಿ ಮೂಗೊರೆಸಿಕೊಂಡು ತನ್ನಷ್ಟಕ್ಕೆ ಹೇಳಿಕೊಂಡಳು: “ಈಗ್ಲಾರ ಕೊಟ್ಟನಲ್ಲ.”

ಹಿಂತಿರುಗುವಾಗ ಅವಳ ಕೈ ಹಿಡಿದು ನಡೆಸುತ್ತ ಕೇಳಿದೆ. ಅವಳಿಗೆ ಅದು ಮುಚ್ಚುಮರೆಯ ವಿಷಯ ಎಂದು ಅನ್ನಿಸಿರಲೇ ಇಲ್ಲ.

“ಅವ್ಳು ಎಡಚಿ ಕಣಮ್ಮಿ. ಇಸ್ಕೂಲಲ್ಲಿ ಮೇಷ್ಟ್ರು ಎಡಗೈ ಗೆಣ್ಣಿಗ ಒಡ್ದು ಒಡ್ದು, ಊಟ ಬಡ್ಸದ್ನ ಬಲಗೈಲಿ ಕಲ್ತಳು. ಅಕ್ಸರ ಮಾತ್ರ ಬಲಗೈಗ ಬರ್ನೇ ಇಲ್ಲ. ನಿಮ್ಮಾವ ಬಣ್ಣ ತುಂಬೋನು, ಅವ್ನಿಗೇನ್ ಬತ್ತಿತ್ತು? ಬರಿಯದೆಲ್ಲ ಅವಳೇ.”

“ಯಾಕೆ ಯಾರಿಗೂ ಹೇಳಲಿಲ್ಲ ದೊಡ್ಡಮ್ಮ?”

“ಅಯ್ಯೋ, ಎಂಗ್ಸು ಬರ್ದ ಬೋರ್ಡು, ಅದೂ ಎಡಗೈಲಿ! ಅಂಗ್ಡಿ ಬಾಗ್ಲಿಗ ಯಾರು ಕಟ್ಕತ್ತರ? ಲಕ್ಷ್ಮಿ ಒಳಕ್ಕ ಬಂದಾಳಾ?”

ಹರವೆಗೆ ಹೋಗಿ ನೋಟ್‌ಬುಕ್ಕು ತೆಗೆದೆ. ಪೆನ್ನನ್ನು ನನ್ನ ಎಡಗೈಯಲ್ಲಿ ಹಿಡಿದು ಒಂದು ಸಾಲು ಬರೆದೆ. ಅಕ್ಷರ ಸೊಟ್ಟ ಬಂತು. ದಪ್ಪ ಮಾತ್ರ ನೋಟ್‌ಬುಕ್ಕಿನಲ್ಲಿ ಬಿದ್ದ ಕಡೆಯೇ ಬಿತ್ತು. ನನ್ನ ಅಂಗೈಯ ಹೊರಅಂಚು ಸಾಲಿನುದ್ದಕ್ಕೂ ಮಸಿಯನ್ನು ಬಲಕ್ಕೆ ಎಳೆದುಕೊಂಡು ಹೋಯಿತು. ಬೆವರಲ್ಲ. ಬರೆಯುವ ಕೈ ಬರೆದದ್ದರ ಮೇಲೆಯೇ ಹಾದುಹೋಗಬೇಕಾಗಿತ್ತು, ಅಷ್ಟೆ.

ಆ ವರ್ಷದ ಮಳೆಗಾಲದ ಒಂದೊಂದು ದಿನವನ್ನೂ ಅವತ್ತಿನಿಂದ ಮತ್ತೆ ಮತ್ತೆ ತಿರುವಿ ನೋಡಿದ್ದೇನೆ. ಮೂರು ತಿಂಗಳು ನಾನು ಹಜಾರದಲ್ಲಿ ಕೂತು ಕೈಯನ್ನು ಹುಡುಕುತ್ತಿದ್ದೆ. ಅದು ಗೋಡೆಯ ಆಚೆ ಇತ್ತು, ನನಗೆ ಅನ್ನ ಬಡಿಸುತ್ತಿತ್ತು, ಬಲಗೈಯಿಂದ. ಫಾಂಟಿನ ದಪ್ಪಗಳನ್ನು ಮೊದಲಿದ್ದ ಕಡೆಗೆ ಸರಿಸುವ ಕೆಲಸ ಈಚೆಗೆ ಮುಗಿದಿದೆ. ಹಳೆಯದು ಎಷ್ಟು ಅಂಗಡಿಗಳಲ್ಲಿ ಕೂತಿದೆಯೋ, ಅದನ್ನು ಹಿಂದಕ್ಕೆ ಕರೆಯಲಾಗದು. ಹೊಸದಕ್ಕೆ ಹೆಸರು ಇಡಬೇಕು. ‘ಗೌರಮ್ಮ’ ಎಂದು ಇಡುವುದು ಸುಲಭ. ಇಟ್ಟ ದಿನ, ಈ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಆರ್ಟಿಸ್ಟ್ ನಂಜಣ್ಣ ಎನ್ನಿಸಿಕೊಂಡವನು ಟೀ ಅಂಗಡಿಯ ಬೆಂಚಿನ ಮೇಲೆ ಏನಾಗುತ್ತಾನೆ ಎಂಬುದೂ ನನಗೆ ಗೊತ್ತು.

ಅದಕ್ಕೇ ಕಳೆದ ವಾರ ಹರವೆಯಲ್ಲಿ ಬಸ್ಸು ಹತ್ತಿದ್ದು. ಮಾವ ಒಬ್ಬನೇ ಇದ್ದ, ಬ್ರಷ್ಷುಗಳನ್ನು ತೊಳೆದು ಒಣಹಾಕುತ್ತಿದ್ದ. ಹಿಂದಿನ ಕೋಣೆಯಲ್ಲಿ ಮಿಷನ್ನಿಗೆ ಧೂಳು ಕೂರದಂತೆ ಅತ್ತೆಯ ಫ್ಲೆಕ್ಸನ್ನೇ ಹೊದಿಸಿದ್ದ, ಅಕ್ಷರ ಒಳಮುಖವಾಗಿ. ನಾನು ನೋಟ್‌ಬುಕ್ಕನ್ನು ಅವನ ಮುಂದೆ ಇಟ್ಟೆ.

“ಮಾವ, ಅಕ್ಷರ ಅತ್ತೆದು ಅಂತ ಗೊತ್ತಾಯ್ತು. ಹೆಸರು ಬದಲಾಯಿಸಲಾ?”

ಅವನು ‘ಳ’ದ ಪುಟ ತೆರೆದು ನೋಡಿದ. “ಬದ್ಲಾಯ್ಸು,” ಎಂದ. ಪುಸ್ತಕ ಮುಚ್ಚಿ, “ಅವ್ಳ ಎಸ್ರ ಸತ್ತೋರ್ ಫ್ಲೆಕ್ಸಿಗ ಕೊಡ್ಬ್ಯಾಡ, ಮೊಗ,” ಎಂದ.

ಅದು ನನ್ನ ಕೈಯಲ್ಲಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ, ಒಂದು ವರ್ಷದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದುದನ್ನು ಕೇಳಿಬಿಟ್ಟೆ. ಹಾಗೆ ಕೇಳಬಾರದಿತ್ತೇನೋ. ಮಾವ ಬ್ರಷ್ಷು ಎತ್ತಿಕೊಂಡು, ತೊಳೆದು ಶುದ್ಧವಾಗಿದ್ದ ಅದನ್ನೇ ಮತ್ತೆ ತೊಳೆಯತೊಡಗಿದ. ಕಡೆಯ ಬಸ್ಸಿನ ತನಕ ಕಾದೆ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದಾನೆ, ಮಳೆ ಬಂತಾ, ಅಮ್ಮ ಹೇಗಿದ್ದಾಳೆ ಎಂದು. ಆ ಮಾತು ಎತ್ತಿಲ್ಲ. ಕೇಳಿದ್ದನ್ನು ಅವತ್ತೇ, ಬಸ್ಸಿನಲ್ಲೇ, ನೆನಪು ಕೆಡುವ ಮುಂಚೆ ಇದ್ದ ಹಾಗೆ ಬರೆದಿಟ್ಟುಕೊಂಡಿದ್ದೇನೆ:

“ಮಾವ, ನಾನು ನೋಟ್‌ಬುಕ್ಕು ಕೊಟ್ಟು ಊರಿಗೆ ಹೋದೆನಲ್ಲ, ಆ ಎರಡು ದಿನ ಅತ್ತೆ ಅಷ್ಟೂ ಅಕ್ಷರ ಬರೆದಳಲ್ಲ, ಬರೆದು ಮುಗಿಸಿದಾಗ ‘ಇದು ನಾನು ಬರ್ದದ್ದು ಅಂತ ಮೊಗಕ್ಕ ಹೇಳ್ಲಾ’ ಅಂತ ಅವಳು ನಿನ್ನ ಕೇಳಿದಳಾ?”